ಜನವರಿಯಲ್ಲೂ ನೀರು ನಿಂತ ಗದ್ದೆ

ಚೀನಾದ ಯುನ್ನಾನ್ ಪ್ರಾಂತ್ಯದ ಮೆಟ್ಟಿಲುಗದ್ದೆಗಳ ಫೋಟೊ ನೀವೂ ನೋಡಿರುತ್ತೀರಿ, ಕ್ಯಾಲೆಂಡರಿನಲ್ಲೋ, ಯಾರದೋ ಮೊಬೈಲಿನ ವಾಲ್‌ಪೇಪರಿನಲ್ಲೋ. ಬೆಟ್ಟದ ಮೈತುಂಬ ಕನ್ನಡಿ ಚೂರು ಜೋಡಿಸಿಟ್ಟಂತೆ ನೀರು, ಅದರೊಳಗೆ ಕೆಂಪು-ನೀಲಿ ಆಕಾಶ, ನಡುವೆ ಮಸಿಯಲ್ಲಿ ಎಳೆದ ಗೆರೆಯಂತೆ ಬದುಗಳು. ಚೆಂದವೇ. ಆದರೆ ಗದ್ದೆ ಮಾಡಿ ಗೊತ್ತಿರುವವರಿಗೆ ಆ ಚಿತ್ರದಲ್ಲಿ ಏನೋ ಸರಿಯಿಲ್ಲ ಅನ್ನಿಸಬೇಕು. ಅವುಗಳಲ್ಲಿ ಹೆಚ್ಚಿನವು ಡಿಸೆಂಬರ್, ಜನವರಿಯಲ್ಲಿ ತೆಗೆದವು. ಕೊಯ್ಲು ಮುಗಿದು ಮೂರು ತಿಂಗಳಾಗಿರುತ್ತದೆ, ನಾಟಿಗೆ ಇನ್ನೂ ಮೂರು ತಿಂಗಳಿರುತ್ತದೆ. ನಮ್ಮ ಕಡೆಯಾದರೆ ಕೊಯ್ಲಿಗೆ ಮುಂಚೆಯೇ ಬದು ಕಡಿದು ನೀರು ಬಿಟ್ಟಿರುತ್ತೇವೆ. ಸಂಕ್ರಾಂತಿ ಹೊತ್ತಿಗೆ ಗದ್ದೆ ಬಿರುಕು ಬಿಟ್ಟು, ದನ ಮೇಯ್ದು, ಹುಡುಗರು ಕ್ರಿಕೆಟ್ ಆಡುವ ಹದಕ್ಕೆ ಬಂದಿರುತ್ತದೆ. ಅಲ್ಲಿ ಮಾತ್ರ ಬೆಳೆಯೇ ಇಲ್ಲದ ಗದ್ದೆಗೆ ಭರ್ತಿ ನೀರು. ಯಾಕೆ?

ಫೋಟೊಗಾರರಿಗಾಗಿ ಅಂತೂ ಇರಲಾರದು. 1990ರ ದಶಕದಲ್ಲಿ ಫ್ರೆಂಚ್ ಛಾಯಾಗ್ರಾಹಕ ಯಾನ್ ಲೇಮಾ ಈ ಗದ್ದೆಗಳನ್ನು ಹೊರಜಗತ್ತಿಗೆ ತೋರಿಸುವುದಕ್ಕೆ ನೂರಾರು ವರ್ಷ ಮೊದಲೇ ಅಲ್ಲಿ ಚಳಿಗಾಲದ ನೀರು ನಿಲ್ಲುತ್ತಿತ್ತು. ಆ ನೀರಿನ ಕಾರಣ ತಿಳಿದುಕೊಂಡರೆ ಆ ಊರುಗಳು ಯಾಕೆ ಅಲ್ಲೇ ಇವೆ, ಮನೆಗಳು ಯಾಕೆ ಹಾಗಿವೆ, ಕಾಡನ್ನು ಯಾಕೆ ಮುಟ್ಟಿಲ್ಲ ಅನ್ನುವುದೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬರುತ್ತದೆ. ಅದಿಲ್ಲದೆ ಹೋದವರು ವೀಕ್ಷಣಾ ಕಟ್ಟೆಯ ಮೇಲೆ ನಿಂತು, ನಾಲ್ಕು ಸೆಲ್ಫಿ ಹೊಡೆದು, ಮಂಜನ್ನು ಬೈದುಕೊಂಡು ವಾಪಸು ಬರುತ್ತಾರೆ.

ಜಾಗದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಯುನ್ನಾನಿನ ದಕ್ಷಿಣಕ್ಕೆ, ವಿಯೆಟ್ನಾಂ ಗಡಿಗೆ ಹತ್ತಿರ, ಹೊಂಗ್‌ಹೆ ಜಿಲ್ಲೆಯ ಯುವಾನ್‌ಯಾಂಗ್ ಕೌಂಟಿ, ನಮ್ಮ ತಾಲ್ಲೂಕಿನಂಥದ್ದು. ಹೊಂಗ್‌ಹೆ ಅಂದರೆ ಕೆಂಪು ನದಿ. ಇಲ್ಲಿಂದ ಇಳಿದು ಹನೋಯ್ ಪಕ್ಕದಲ್ಲೇ ಹರಿದು ಸಮುದ್ರ ಸೇರುತ್ತದೆ. ನದಿಯ ದಕ್ಷಿಣ ದಡದಲ್ಲಿ ಐಲಾವ್ ಬೆಟ್ಟಸಾಲು. ಅಲ್ಲಿ ಗದ್ದೆ ಕಡಿದವರು ಮುಖ್ಯವಾಗಿ ಹಾನಿ ಜನ. (ಕನ್ನಡದಲ್ಲಿ ಓದುವಾಗ ಹೆಸರು ಸ್ವಲ್ಪ ಮುಜುಗರ ತರುತ್ತದೆ, ನಿಜ. ಥಾಯ್ಲೆಂಡ್, ಲಾವೋಸ್ ಕಡೆ ಇವರ ನಂಟರನ್ನೇ ಅಖಾ ಅನ್ನುತ್ತಾರೆ.) ಸುಮಾರು 1,300 ವರ್ಷಗಳಿಂದ ಇಲ್ಲಿ ಭತ್ತ ಬೆಳೆಯುತ್ತಿದ್ದಾರೆ. 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 16,603 ಹೆಕ್ಟೇರ್. ಕಾಡು, ಊರು, ಗದ್ದೆ ಎಲ್ಲ ಸೇರಿ. ಅದರೊಳಗೆ 82 ಹಳ್ಳಿಗಳು, ಒಂದೊಂದರಲ್ಲೂ ಸಾಧಾರಣವಾಗಿ ಐವತ್ತರಿಂದ ನೂರು ಮನೆ.

ಒಣಗಿದರೆ ಬೀಳುತ್ತದೆ

ಈಗ ನೀರಿನ ಪ್ರಶ್ನೆ. ಮೆಟ್ಟಿಲುಗದ್ದೆ ಅಂದರೆ ಇಳಿಜಾರಿನ ಮೇಲಿಟ್ಟ ಮಣ್ಣಿನ ತಟ್ಟೆ. ಅದರಲ್ಲಿ ನೀರು ನಿಲ್ಲುವುದು ಕೆಸರಿನಿಂದಾಗಿ. ಎಮ್ಮೆ ಕಟ್ಟಿ ಮತ್ತೆ ಮತ್ತೆ ಕೆಸರುಳುಮೆ ಮಾಡಿದಾಗ ನಯವಾದ ಜೇಡಿ ಕಣಗಳು ಕೆಳಗಿಳಿದು, ಎಮ್ಮೆಯ ಗೊರಸು ಮತ್ತು ಮನುಷ್ಯರ ಕಾಲ ತುಳಿತಕ್ಕೆ ಗಟ್ಟಿಯಾಗಿ, ತಳದಲ್ಲಿ ಒಂದು ಪದರ ಕಟ್ಟಿಕೊಳ್ಳುತ್ತದೆ. ಕುಂಬಾರ ಮಡಕೆಯ ಒಳಮೈ ನೇವರಿಸಿದ ಹಾಗೆ. ಆ ಪದರ ಒದ್ದೆಯಿರುವ ತನಕ ನೀರು ಸೋರುವುದು ಬಹಳ ಕಡಿಮೆ. ಒಣಗಿತೋ, ಜೇಡಿ ಕುಗ್ಗಿ ಬಿರುಕು ಬಿಡುತ್ತದೆ. ಸಪಾಟು ಬಯಲಿನ ಗದ್ದೆಯಲ್ಲಿ ಬಿರುಕು ಬಿಟ್ಟರೆ ನಷ್ಟವೇನಿಲ್ಲ, ಮುಂದಿನ ಮಳೆಗೆ ಮುಚ್ಚಿಕೊಳ್ಳುತ್ತದೆ. ಬೆಟ್ಟದಲ್ಲಿ ಕಥೆ ಬೇರೆ. ಮೊದಲ ಜೋರು ಮಳೆಯ ನೀರು ಬಿರುಕಿನಲ್ಲಿ ನೇರ ಕೆಳಗಿಳಿದು ಬದುವಿನ ಬುಡ ಸೇರುತ್ತದೆ. ಒಳಗಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ, ಬದುವಿನ ಹೊಟ್ಟೆ ಉಬ್ಬುತ್ತದೆ, ಒಂದು ರಾತ್ರಿ ಜಾರಿ ಕೂರುತ್ತದೆ. ಕೆಳಗಿನ ಗದ್ದೆಯ ಮೇಲೆ ಈ ಗದ್ದೆಯ ಮಣ್ಣೂ ನೀರೂ ಒಟ್ಟಿಗೆ ಬಿದ್ದಾಗ ಅದೂ ತಡೆಯುವುದಿಲ್ಲ. ಕಾಡಿನಂಚಿನಿಂದ ಕಣಿವೆಯ ತಳದವರೆಗೆ ಕೆಲವು ಕಡೆ ಮೂರು ಸಾವಿರದಷ್ಟು ಮೆಟ್ಟಿಲುಗಳಿವೆ ಅನ್ನುವುದನ್ನು ನೆನಪಿಟ್ಟುಕೊಂಡರೆ, ಒಂದು ಬದು ಬಿದ್ದರೆ ಅದು ಒಬ್ಬನ ಮನೆಯ ಸುದ್ದಿಯಾಗಿ ಉಳಿಯುವುದಿಲ್ಲ ಅನ್ನುವುದು ಗೊತ್ತಾಗುತ್ತದೆ. 2009ರ ಕೊನೆಯಿಂದ 2010ರ ವಸಂತದವರೆಗೆ ನೈಋತ್ಯ ಚೀನಾಕ್ಕೆ ದೊಡ್ಡ ಬರ ಬಂದಿತ್ತು. ಅಂಥ ವರ್ಷಗಳಲ್ಲಿ ಬೆಳೆ ಹೋಗುವುದಕ್ಕಿಂತ ಗದ್ದೆಯೇ ಹೋದೀತೆಂಬ ದಿಗಿಲು ದೊಡ್ಡದು.

ಹಾಗಾಗಿ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೊಯ್ಲಾದ ಕೂಡಲೇ ಉತ್ತು, ಬದು ಸರಿಮಾಡಿ, ನೀರು ತುಂಬಿಸಿಬಿಡುತ್ತಾರೆ. ಇದಕ್ಕೆ ಇನ್ನೊಂದು ಲೆಕ್ಕವೂ ಇದೆ. ಅಲ್ಲಿ ಮಳೆಯ ಬಹುಪಾಲು ಬೀಳುವುದು ಮೇ ತಿಂಗಳಿಂದ ಅಕ್ಟೋಬರಿನೊಳಗೆ. ಆದರೆ ಎತ್ತರದ ಚಳಿಯಲ್ಲಿ ಭತ್ತ ಬೆಳೆಯಲು ಹೆಚ್ಚು ದಿನ ಹಿಡಿಯುವುದರಿಂದ ನಾಟಿಯನ್ನು ಏಪ್ರಿಲ್ ಕೊನೆ, ಮೇ ಮೊದಲಿಗೇ ಮುಗಿಸಬೇಕು. ವರ್ಷಕ್ಕೆ ಒಂದೇ ಬೆಳೆ, ತಡವಾದರೆ ತೆನೆ ಹಾಲು ಕಟ್ಟುವ ಹೊತ್ತಿಗೆ ಚಳಿ ಹಿಡಿದು ಜೊಳ್ಳಾಗುತ್ತದೆ. ಅಂದರೆ ನೀರು ಅತಿ ಹೆಚ್ಚು ಬೇಕಾಗುವುದು ಮಳೆ ಇನ್ನೂ ಕಾಲೂರದಾಗ. ಕೆರೆ ಕಟ್ಟಲು ಬೆಟ್ಟದಲ್ಲಿ ಜಾಗವಿಲ್ಲ. ಗದ್ದೆಯನ್ನೇ ಕೆರೆ ಮಾಡಿಕೊಂಡರು. ಒಂದು ಎಕರೆ ಗದ್ದೆಯಲ್ಲಿ ಹದಿನೈದು ಸೆಂಟಿಮೀಟರ್ ನೀರು ನಿಂತರೆ ಸುಮಾರು ಆರು ಲಕ್ಷ ಲೀಟರ್. ಚಳಿಗಾಲದುದ್ದಕ್ಕೂ ಕಾಡಿನ ಒರತೆಗಳಿಂದ ಸಣ್ಣಗೆ ಹರಿದು ಬಂದದ್ದನ್ನೆಲ್ಲ ಹೀಗೆ ಬೆಟ್ಟದ ಮೈಮೇಲೆ ಹರಡಿ ಕೂಡಿಡುವುದು. ಫೋಟೊದಲ್ಲಿ ಕಾಣುವ ಕನ್ನಡಿ ಈ ಕೂಡಿಟ್ಟ ನೀರು.

ಕೆಲವು ಚಿತ್ರಗಳಲ್ಲಿ ನೀರು ಕಡುಕೆಂಪಾಗಿ ಕಾಣುತ್ತದಲ್ಲ, ಅದು ಎಲ್ಲ ಸಲವೂ ಎಡಿಟಿಂಗ್ ಅಲ್ಲ. ಚಳಿ ಬಿದ್ದಾಗ ಕೆಂಪಾಗುವ ಅಜೋಲ್ಲಾ. ಹಸುವಿಗೆ ಹಾಕಲು ತೊಟ್ಟಿಯಲ್ಲಿ ಬೆಳೆಸುತ್ತೇವಲ್ಲ, ಅದೇ ಜಾತಿಯದು. ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುವ ಗುಣ ಅದಕ್ಕಿದೆ. ವಸಂತದಲ್ಲಿ ಉತ್ತು ಮುಚ್ಚಿದರೆ ಪುಕ್ಕಟೆ ಗೊಬ್ಬರ.

ಒಂದು ಮರದ ತುಂಡು, ಮೂರು ಕಚ್ಚು

ಈ ಊರುಗಳಲ್ಲಿ ನಿಜವಾಗಿ ನಿಂತು ನೋಡಬೇಕಾದ ವಸ್ತು ವೀಕ್ಷಣಾ ಕಟ್ಟೆಯಿಂದ ಕಾಣಿಸುವುದೇ ಇಲ್ಲ. ಊರೊಳಗಿಂದ ಗದ್ದೆಗಿಳಿಯುವ ಕಾಲುದಾರಿಯಲ್ಲಿ, ಕಾಲುವೆ ಕವಲೊಡೆಯುವ ಕಡೆ ಬಗ್ಗಿ ನೋಡಬೇಕು. ನೀರಿಗೆ ಅಡ್ಡವಾಗಿ ಒಂದು ಗಟ್ಟಿ ಮರದ ತುಂಡು ಮಲಗಿರುತ್ತದೆ. ಮೇಲ್ಮೈಯಲ್ಲಿ ಎರಡೋ ಮೂರೋ ಕಚ್ಚು. ನೀರು ಆ ಕಚ್ಚುಗಳ ಮೇಲಿಂದ ಹಾಯ್ದು ಬೇರೆ ಬೇರೆ ಉಪಕಾಲುವೆಗೆ ಬೀಳುತ್ತದೆ. ಹಳೆಯದಾದರೆ ಪಾಚಿ ಹಿಡಿದು ಕಪ್ಪಾಗಿರುತ್ತದೆ, ತುಳಿದುಕೊಂಡು ದಾಟಿಬಿಡುವವರೇ ಹೆಚ್ಚು. ಕೆಲವು ಕಡೆ ಮರದ ಬದಲು ಕಲ್ಲು, ಈಚೆಗೆ ಸಿಮೆಂಟು. ಚೀನೀ ಭಾಷೆಯಲ್ಲಿ ಇದಕ್ಕೆ ‘ಮೂಕೆ ಫೆನ್‌ಶುಯಿ’ ಅನ್ನುತ್ತಾರೆ: ಮರ ಕೆತ್ತಿ ನೀರು ಹಂಚುವುದು.

ಸರಳವಾಗಿ ಕಾಣುತ್ತದೆ, ಒಳಗೆ ಲೆಕ್ಕ ಬಿಗಿಯಾಗಿದೆ. ಕಚ್ಚುಗಳ ಅಗಲ ಬೇರೆ ಬೇರೆ, ಆಳ ಮಾತ್ರ ಒಂದೇ. ಯಾವ ಕವಲಿನ ಕೆಳಗೆ ಎಷ್ಟು ಗದ್ದೆಯಿದೆ ನೋಡಿ, ಅದಕ್ಕೆ ತಕ್ಕಂತೆ ಬೆರಳಳತೆಯಲ್ಲಿ ಅಗಲ ಗೊತ್ತುಮಾಡುತ್ತಾರೆ. ಒಂದರ ಕೆಳಗಿನ ಗದ್ದೆ ಇನ್ನೊಂದರ ಎರಡರಷ್ಟಿದ್ದರೆ ಇಲ್ಲಿ ಎಂಟು ಬೆರಳು, ಅಲ್ಲಿ ನಾಲ್ಕು. ಆಳವನ್ನು ಒಂದೇ ಇಡುವುದು ಯಾಕೆಂದರೆ, ಕಚ್ಚಿನಲ್ಲಿ ಹರಿಯುವ ನೀರು ಅಗಲಕ್ಕೆ ಹೆಚ್ಚುಕಡಿಮೆ ಸರಿಯಾಗಿ ಏರುತ್ತದೆ, ಆಳಕ್ಕೆ ಹಾಗಲ್ಲ: ಆಳ ದುಪ್ಪಟ್ಟಾದರೆ ನೀರು ದುಪ್ಪಟ್ಟಿಗಿಂತ ಬಹಳ ಹೆಚ್ಚಾಗುತ್ತದೆ. ಅಗಲದಲ್ಲಿ ಹಂಚಿದರೆ ಬೇಸಿಗೆಯ ಸಣ್ಣ ಹರಿವಿಗೂ ಮಳೆಗಾಲದ ದೊಡ್ಡ ಹರಿವಿಗೂ ಪಾಲು ಅದೇ ಉಳಿಯುತ್ತದೆ. ಕಾಲುವೆಯಲ್ಲಿ ಎಷ್ಟು ನೀರಿದೆ ಎಂದು ಯಾರೂ ಅಳೆಯಬೇಕಿಲ್ಲ. ಎಷ್ಟೇ ಬರಲಿ, ಬಂದದ್ದರಲ್ಲಿ ಇವರದು ಎರಡು ಪಾಲು, ಅವರದು ಒಂದು.

ಕೆಡುವುದೂ ಇಲ್ಲೇ. ಮರದ ತುಂಡು ಒಂದು ಕಡೆಗೆ ವಾಲಿದರೆ ಇಳಿದ ಬದಿಯ ಕಚ್ಚಿಗೆ ಹೆಚ್ಚು ನೀರು. ಮೇಲ್ಗಡೆ ಹೂಳು ತುಂಬಿದರೆ ನೀರು ನೇರವಾಗಿ ಬರದೆ ಒಂದು ಮಗ್ಗುಲಿಗೆ ನುಗ್ಗುತ್ತದೆ. ಕಿರಿದಾದ ಕಚ್ಚಿನಲ್ಲಿ ಎರಡೂ ಅಂಚಿಗೆ ನೀರು ಕುಗ್ಗಿಕೊಂಡು ಹರಿಯುವುದರಿಂದ ಅದಕ್ಕೆ ಲೆಕ್ಕಕ್ಕಿಂತ ಚೂರು ಕಡಿಮೆಯೇ ಸಿಗುತ್ತದೆ. ಎಲ್ಲಕ್ಕಿಂತ ಸಾಮಾನ್ಯ ಕಾಯಿಲೆ ಎಲೆ. ಒಂದು ಅಂಗೈಯಗಲದ ಎಲೆ ಕಚ್ಚಿಗೆ ಅಂಟಿಕೊಂಡರೆ ಆ ದಿನ ಆ ಕವಲಿನವರಿಗೆ ನೀರಿಲ್ಲ. ಎಲೆ ತಾನಾಗಿ ಬಂತೋ ಯಾರಾದರೂ ಇಟ್ಟರೋ ಅನ್ನುವ ಜಗಳ ಗದ್ದೆಯಿರುವ ಊರಲ್ಲೆಲ್ಲ ಇರುವುದೇ.

ಅದಕ್ಕೇ ಕಾಲುವೆಗೊಬ್ಬ ಆಳು. ಕನ್ನಡದಲ್ಲಿ ಅವನಿಗೆ ಹೊಸ ಹೆಸರು ಹುಡುಕಬೇಕಾಗಿಲ್ಲ, ನೀರುಗಂಟಿ. ನಮ್ಮ ಕೆರೆಗಳ ನೀರುಗಂಟಿಯಂತೆಯೇ ಅವನಿಗೂ ರೂಢಿಯಲ್ಲಿ ಸಂಬಳ ಸಿಗುತ್ತಿದ್ದುದು ಭತ್ತದಲ್ಲಿ, ಆ ಕಾಲುವೆಯ ನೀರು ಉಣ್ಣುವ ಮನೆಗಳಿಂದ. ಮೇಲಿನ ಕಾಡಿನಿಂದ ಗದ್ದೆಯವರೆಗೆ ಕಾಲುವೆಯುದ್ದಕ್ಕೂ ನಡೆದು ಎಲೆ ತೆಗೆಯುವುದು, ಹೂಳು ಎತ್ತುವುದು, ಏಡಿ ಕೊರೆದ ತೂತಿಗೆ ಜೇಡಿ ತುರುಕುವುದು, ಕುಸಿದ ದಂಡೆ ಕಟ್ಟುವುದು ಅವನ ಕೆಲಸ. ಮಳೆಗಾಲದಲ್ಲಿ ಕೆಲಸ ತಿರುವುಮುರುವಾಗುತ್ತದೆ: ಗುಡ್ಡದ ನೆರೆ ಗದ್ದೆಗೆ ನುಗ್ಗುವ ಮೊದಲೇ ಪಕ್ಕದ ಕಂಡಿ ತೆಗೆದು ಹಳ್ಳಕ್ಕೆ ಬಿಡಬೇಕು. ನೀರು ತರುವವನೇ ನೀರು ಓಡಿಸುವವನೂ. ಯುನೆಸ್ಕೊ ದಾಖಲೆಯ ಪ್ರಕಾರ ಇಲ್ಲಿ ನಾಲ್ಕು ದೊಡ್ಡ ಕಾಲುವೆ, 392 ಕವಲು, ಉದ್ದ 445.83 ಕಿಲೋಮೀಟರ್. ಅಷ್ಟುದ್ದಕ್ಕೂ ಪಂಪು ಬೇಡ, ವಿದ್ಯುತ್ ಬೇಡ. ಇಳಿಜಾರು ಮತ್ತು ಗುದ್ದಲಿ ಸಾಕು.

ಊರು ಯಾಕೆ ನಡುವೆ ಕೂತಿದೆ

ಎದುರು ಬೆಟ್ಟದಿಂದ ನೋಡಿದರೆ ನಾಲ್ಕು ಪಟ್ಟಿ ಕಾಣುತ್ತದೆ: ತುದಿಯಲ್ಲಿ ಕಾಡು, ಅದರ ಕೆಳಗೆ ಊರು, ಊರಿನ ಕೆಳಗೆ ಗದ್ದೆ, ತಳದಲ್ಲಿ ನದಿ. ಕಣಿವೆಯ ತಳದ ಸೆಕೆ, ಮಲೇರಿಯಾ ಬೇಡವೆಂದು ಹಾನಿಗಳು ಮೇಲೆ ಕೂತರು. ಬಿಸಿ ಕಣಿವೆಯಲ್ಲಿ ದಾಯ್ ಜನ ಇದ್ದಾರೆ. ಆದರೆ ಊರು ಗದ್ದೆಗಿಂತ ಮೇಲಿರುವುದಕ್ಕೆ ಇನ್ನೂ ದೊಡ್ಡ ಕಾರಣ ಗೊಬ್ಬರ. ಕೊಟ್ಟಿಗೆ ಗೊಬ್ಬರವನ್ನು ಹೊತ್ತು ಬೆಟ್ಟ ಹತ್ತುವುದು ಎಂಥ ಕೆಲಸವೆಂದು ಘಟ್ಟದ ಕಡೆಯವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಹೊರುವುದೇ ಇಲ್ಲ. ಸಗಣಿ, ಬೂದಿ, ಕಸವೆಲ್ಲ ಊರಿನ ಗುಂಡಿಯಲ್ಲಿ ಕೊಳೆಯುತ್ತದೆ. ನಾಟಿಗೆ ಮುಂಚೆ ಗುಂಡಿಗೆ ಕಾಲುವೆ ನೀರು ಬಿಟ್ಟು, ಗುದ್ದಲಿಯಿಂದ ಕಲಕಿ, ಕರಿ ನೀರನ್ನು ಕಾಲುವೆಯಲ್ಲೇ ಕೆಳಕ್ಕೆ ಹರಿಸುತ್ತಾರೆ. ಒಂದು ಮನೆಯವರು ತಮ್ಮ ಗುಂಡಿಯದನ್ನೇ ತಮ್ಮ ಗದ್ದೆಗೆ ಕಳಿಸುವುದಾದರೆ ದಾರಿಯಲ್ಲಿರುವ ಬೇರೆ ಕವಲುಗಳನ್ನೆಲ್ಲ ಮುಚ್ಚಿಕೊಂಡು, ಕವಲಿಗೊಬ್ಬರಂತೆ ಕಾಯಬೇಕು. ಇಲ್ಲವಾದರೆ ನಿಮ್ಮ ಗೊಬ್ಬರ ಪಕ್ಕದವರ ಪೈರಿಗೆ. ಜೂನ್-ಜುಲೈ ಮಳೆಯಲ್ಲಿ ಇನ್ನೊಂದು ಸುತ್ತು: ಕಾಡಿನ ಕೊಳೆತ ತರಗೆಲೆ, ದಾರಿಯ ಮೇಲಿನ ಸಗಣಿಯನ್ನೆಲ್ಲ ತೊಳೆದುಕೊಂಡು ಬರುವ ನೀರನ್ನು ಗದ್ದೆಗೆ ತಿರುಗಿಸಿಕೊಳ್ಳುವುದು. ಆಗ ಪೈರಿಗೆ ಹಸಿವು ಜಾಸ್ತಿ, ತೆನೆ ಒಡೆಯುವ ಹೊತ್ತು.

ಕಾಡನ್ನು ಯಾಕೆ ಕಡಿದಿಲ್ಲ ಅಂದರೆ ಅದೇ ನೀರಿನ ತೊಟ್ಟಿ. ವರ್ಷದಲ್ಲಿ ಅರ್ಧದಷ್ಟು ದಿನ ಅಲ್ಲಿ ಮಂಜು. ಕಣಿವೆಯ ನದಿಯಿಂದ ಎದ್ದ ಆವಿ ಮೇಲೇರಿ ತಣಿದು, ಎಲೆಗೆ, ಪಾಚಿಗೆ ಹತ್ತಿ ತೊಟ್ಟಿಕ್ಕುತ್ತದೆ. ಬೇರಿನ ಬುಡದಲ್ಲಿ ಇಂಗಿ, ಊರಿನ ಮೇಲೆ ಒರತೆಯಾಗಿ ಹೊರಡುತ್ತದೆ. ಊರಿನ ತಲೆಯ ಮೇಲಿನ ಒಂದು ತುಂಡು ಕಾಡಂತೂ ದೇವರದು, ಕೊಡಗಿನ ದೇವರಕಾಡಿನ ಹಾಗೆ. ವರ್ಷದ ಆರಂಭದಲ್ಲಿ ಅಲ್ಲಿ ಅಂಗ್‌ಮಾತು ಹಬ್ಬ. ಅದರ ಉದ್ದನೆಯ ಬೀದಿ ಊಟ ಹೆಸರುವಾಸಿ: ಮನೆಗೊಂದು ಮೇಜು ತಂದು ಸಾಲಾಗಿ ಜೋಡಿಸಿ ಊರೇ ಕೂತು ಉಣ್ಣುವುದು. ಆ ಕಾಡಿನೊಳಗೆ ಹೊರಗಿನವರು ಕಾಲಿಡಬಾರದು. ಬೇಲಿ, ಬೋರ್ಡು ಏನೂ ಇರುವುದಿಲ್ಲ. ಗೊತ್ತಿಲ್ಲದಿದ್ದರೆ ಕೇಳಿ ಹೋಗಬೇಕು.

ಅಣಬೆ ಮನೆ ಎಂದು ಕರೆಸಿಕೊಳ್ಳುವ ಹಳೆಯ ಮನೆಗಳು ಈ ಲೆಕ್ಕಾಚಾರದ ಇನ್ನೊಂದು ತುದಿ. ಕಲ್ಲಿನ ಪಾಯ, ಹಸಿ ಇಟ್ಟಿಗೆಯ ದಪ್ಪ ಗೋಡೆ, ನಾಲ್ಕು ಕಡೆಗೆ ಇಳಿಬಿದ್ದ ಕಡಿದಾದ ಹುಲ್ಲಿನ ಮಾಡು. ಕೆಳಗೆ ದನ, ನಡುವೆ ಜನ, ಅಟ್ಟದಲ್ಲಿ ಭತ್ತ. ನಡುಮನೆಯ ಒಲೆ ಆರುವುದಿಲ್ಲ. ಹೊಗೆ ಅಟ್ಟದ ಭತ್ತವನ್ನು ಒಣಗಿಸಿ ಹುಳ ಓಡಿಸುತ್ತದೆ, ಮಾಡಿನ ಹುಲ್ಲಿಗೂ ಹೊಗೆ ಹತ್ತಿ ಬೇಗ ಕೊಳೆಯುವುದಿಲ್ಲ. ಆದರೂ ಮೂರ್ನಾಲ್ಕು ವರ್ಷಕ್ಕೊಮ್ಮೆ ಹೊದಿಸಲೇಬೇಕು. ಹಳೆಯ ಕೆಂಪಕ್ಕಿ ತಳಿಗಳ ಪೈರು ಎತ್ತರ, ಹುಲ್ಲು ಉದ್ದ. ಹೈಬ್ರಿಡ್ ಭತ್ತದ್ದು ಗಿಡ್ಡ ಹುಲ್ಲು, ಮಾಡಿಗೆ ಬರುವುದಿಲ್ಲ. ತಳಿ ಬದಲಾದರೆ ಮಾಡೂ ಬದಲಾಗುತ್ತದೆ. ಈಗ ಹಲವು ಊರುಗಳಲ್ಲಿ ಕಾಂಕ್ರೀಟು ಮನೆಯ ನೆತ್ತಿಗೆ ಹುಲ್ಲಿನ ಟೋಪಿ ಹಾಕಿರುವುದು ಕಾಣುತ್ತದೆ. ಪ್ರವಾಸಿಗರಿಗಾಗಿ ಮಾಡಿದ್ದೆಂದು ದೂರದಿಂದಲೇ ಗೊತ್ತಾಗುತ್ತದೆ, ಕೆಳಗೆ ಹೊಗೆಯಿರುವುದಿಲ್ಲ.

ಚಳಿಗಾಲದ ಕೆಲಸ

ನವೆಂಬರಿನಲ್ಲಿ ಹೋದರೆ ಕಾಣುವ ನೋಟ ಇದು. ಎದೆಯೆತ್ತರದ ಬದುವಿನ ಕೆಳಗೆ ನೀರಿನಲ್ಲಿ ನಿಂತು ಒಬ್ಬರು ಅಗಲ ಬಾಯಿಯ ಗುದ್ದಲಿಯಿಂದ ಬದುವಿನ ಹೊರಮೈಯನ್ನು ಹೆರೆಯುತ್ತಿರುತ್ತಾರೆ, ಮೇಲಿನಿಂದ ಕೆಳಕ್ಕೆ, ತೆಂಗಿನಕಾಯಿಯ ಜುಂಗು ಬಿಡಿಸಿದ ಹಾಗೆ. ಹುಲ್ಲು ಬೇರುಸಮೇತ ತೆಳ್ಳಗೆ ಎದ್ದು ಬರುತ್ತದೆ, ಕಾಲಬುಡದ ನೀರಿಗೆ ಬೀಳುತ್ತದೆ. ಅದನ್ನು ಕೆಸರೊಳಗೆ ತುಳಿಯುತ್ತಾರೆ, ಕೊಳೆತು ಗೊಬ್ಬರ. ಹೆರೆದ ಮೈ ಬೋಳಾದಾಗ ಇಲಿ, ಏಡಿ, ಹಾವುಮೀನುಗಳ ಬಿಲ ಬಯಲಿಗೆ ಬರುತ್ತದೆ. ಬಿಲ ಸಿಕ್ಕಿದರೆ ಮೇಲಿಂದ ಮಣ್ಣು ಮೆತ್ತಿ ಮುಗಿಸುವಂತಿಲ್ಲ; ಕೊನೆಯ ತನಕ ಅಗೆದು, ಒಳಗಿಂದ ಜೇಡಿ ತುರುಕಿ, ಗುದ್ದಿ ಹೊರಕ್ಕೆ ಬರಬೇಕು. ಬಾಯಿ ಮಾತ್ರ ಮುಚ್ಚಿದ ಬಿಲ ಒಳಗೊಳಗೇ ನೀರು ಜಗ್ಗಿ, ಬೇರೆ ಕಡೆ ಬಾಯಿ ತೆಗೆಯುತ್ತದೆ.

ಆಮೇಲೆ ಮೆತ್ತುವ ಕೆಲಸ. ಗದ್ದೆಯೊಳಗಿನ ನಯ ಕೆಸರನ್ನು ಗುದ್ದಲಿಯಲ್ಲಿ ಎತ್ತಿ ಬದುವಿನ ನೆತ್ತಿ ಮತ್ತು ಒಳಮೈಗೆ ಬಡಿದು, ಗುದ್ದಲಿಯ ಬೆನ್ನಿನಿಂದ ಸವರುವುದು. ಕೆಸರು ತೀರ ನೀರಾಗಿದ್ದರೆ ಜಾರುತ್ತದೆ, ಗಟ್ಟಿಯಿದ್ದರೆ ಹಳೆ ಮಣ್ಣಿಗೆ ಅಂಟದೆ ಚಕ್ಕೆಯಾಗಿ ಬೀಳುತ್ತದೆ. ಎಸೆದಾಗ ‘ಪಚ್’ ಎಂದು ಹರಡದೆ ನಿಲ್ಲಬೇಕು, ಅದೇ ಹದ. ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ ಬೀಳುವ ಕಂಡಿಯ ಕೆಳಗೆ ಚಪ್ಪಟೆ ಕಲ್ಲೊಂದನ್ನು ಇಡದಿದ್ದರೆ, ಬೀಳುವ ನೀರು ಬುಡವನ್ನು ಕೊರೆದು ಬದುವನ್ನೇ ಕೆಡವುತ್ತದೆ. ಒಳಹರಿವಿನ ಕಂಡಿಯೂ ಹೊರಹರಿವಿನ ಕಂಡಿಯೂ ಎದುರುಬದುರು ಇರಬಾರದು. ಇದ್ದರೆ ನೀರು ನೇರ ದಾಟಿಹೋಗುತ್ತದೆ, ಗದ್ದೆಯ ಮೂಲೆಗೆ ತಲುಪುವುದಿಲ್ಲ. ಕಾಡಿನ ನೀರು ತಣ್ಣಗೆ, ಅದು ಸುತ್ತಾಡಿ ಬಿಸಿಲಿಗೆ ಮೈಕಾಯಿಸಿಕೊಂಡಷ್ಟೂ ಪೈರಿಗೆ ಒಳ್ಳೆಯದು. ಒಳಹರಿವಿನ ಬಾಯಲ್ಲಿರುವ ಪೈರು ಯಾವಾಗಲೂ ಒಂದಿಷ್ಟು ತಡವಾಗಿ ತೆನೆ ಬಿಡುವುದು ಇದಕ್ಕೇ.

ಉಳುಮೆಗೆ ಎಮ್ಮೆ. ರೂಢಿಯ ಮಾತು ಮೂರು ಉಳುಮೆ, ಮೂರು ಹಲುಬೆ. ಒಂದು ಆಳು ನಿಂತು ತಿರುಗುವಷ್ಟು ಕಿರಿದಾದ ಗದ್ದೆಗಳೂ ಇವೆ, ಅಲ್ಲಿ ಎಮ್ಮೆಯೂ ಹೋಗದು, ಗುದ್ದಲಿಯೇ ಗತಿ. ಈಗೀಗ ಸಣ್ಣ ಪವರ್ ಟಿಲ್ಲರ್ ಹೊತ್ತುಕೊಂಡು ಹೋಗುತ್ತಾರೆ. ಅದು ಉಳುತ್ತದೆ, ಆದರೆ ಎಮ್ಮೆಯ ಹಾಗೆ ತಳ ತುಳಿದು ಗಟ್ಟಿ ಮಾಡುವುದಿಲ್ಲ, ಸಗಣಿಯನ್ನೂ ಹಾಕುವುದಿಲ್ಲ. ನಾಟಿಯಾಗಿ ಸಸಿ ಬೇರು ಹಿಡಿದ ಮೇಲೆ ಮೀನುಮರಿ ಬಿಡುತ್ತಾರೆ. ಪೈರು ತೆಂಡೆ ಒಡೆದು ಗಟ್ಟಿಯಾದ ಮೇಲೆ ಬಾತುಕೋಳಿ. ಮೊದಲೇ ಬಿಟ್ಟರೆ ಬಾತು ಎಳೆ ಸಸಿಯನ್ನೇ ಕಿತ್ತುಹಾಕುತ್ತದೆ, ತೆನೆ ಬಂದ ಮೇಲೂ ಬಿಟ್ಟಿದ್ದರೆ ಕಾಳನ್ನೇ ತಿನ್ನುತ್ತದೆ. ನಡುವಿನ ದಿನಗಳಲ್ಲಿ ಮಾತ್ರ ಹುಳ, ಕಳೆ ತಿಂದು ಉಪಕಾರ ಮಾಡುವ ಪ್ರಾಣಿ.

ಅನಾಹುತ ತಂದದ್ದು ಬೇರೆ ಪ್ರಾಣಿ. ಚೀನಾದ ಪಟ್ಟಣಗಳಲ್ಲಿ ಖಾರ ಹಾಕಿ ತಿನ್ನುವ ಕೆಂಪು ಕ್ರೇಫಿಶ್ (ಸಿಗಡಿಯಂಥ ಸಿಹಿನೀರಿನ ಜೀವಿ) ಮೂಲತಃ ಅಮೆರಿಕದ್ದು. 2000ರ ದಶಕದಲ್ಲಿ ಅದು ಈ ಗದ್ದೆಗಳನ್ನೂ ಹೊಕ್ಕಿತು. ಅದರ ಸ್ವಭಾವವೇ ಬಿಲ ಕೊರೆಯುವುದು. ಕೊರೆಯಲು ಸಿಕ್ಕಿದ್ದು ಬದು. ಬಯಲಿನ ಕೊಳದಲ್ಲಿ ದುಡ್ಡು ತರುವ ಜೀವಿ ಇಲ್ಲಿ ಗದ್ದೆ ಸೋರಿಸಿತು. ಸರ್ಕಾರ ಹಿಡಿದು ಹಾಕುವ ಅಭಿಯಾನ ನಡೆಸಬೇಕಾಯಿತು.

ಹೋಗುವವರಿಗೆ

ಭಾರತೀಯರಿಗೆ ಚೀನಾದ ಪ್ರವಾಸಿ ವೀಸಾ 2025ರ ಜುಲೈನಿಂದ ಮತ್ತೆ ಸಿಗುತ್ತಿದೆ. ಯುನ್ನಾನಿನ ರಾಜಧಾನಿ ಕುನ್‌ಮಿಂಗಿನಿಂದ ಗದ್ದೆಗಳಿಗೆ ಸುಮಾರು 300 ಕಿಲೋಮೀಟರ್. ಒಂದೇ ಉಸಿರಿಗೆ ಬಸ್ಸಿನಲ್ಲಿ ಹೋಗಬಹುದು, ದಿನವೆಲ್ಲ ಹಿಡಿಯುತ್ತದೆ. ರೈಲಿನಲ್ಲಿ ಜಿಯಾನ್‌ಶುಯಿ ಎಂಬ ಹಳೆಯ ಊರಿಗೆ ಹೋಗಿ, ಒಂದು ರಾತ್ರಿ ಉಳಿದು, ಮರುದಿನ ಬಸ್ಸು ಹಿಡಿಯುವುದು ಮೈಗೂ ಮನಸ್ಸಿಗೂ ಹಿತ. ಬಸ್ಸು ಮೊದಲು ನದಿಯ ದಡದ ನಾನ್‌ಶಾಕ್ಕೆ ಇಳಿಯುತ್ತದೆ. ಅದು ಹೊಸ ಕೌಂಟಿ ಕೇಂದ್ರ, ಬೆವರು ಇಳಿಸುವ ಊರು. ಅಲ್ಲಿಂದ ತಿರುವು ತಿರುವಾಗಿ ಸಾವಿರದ ನಾನೂರು ಮೀಟರಿನಷ್ಟು ಹತ್ತಿದರೆ ಹಳೆಯ ಪೇಟೆ ಶಿನ್‌ಜಿಯೆ. ಒಂದೇ ಗಂಟೆಯೊಳಗೆ ಬಾಳೆತೋಟದಿಂದ ಸ್ವೆಟರಿಗೆ ಬಂದಿರುತ್ತೀರಿ. ಬಸ್ಸಿನಲ್ಲಿ ‘ಯುವಾನ್‌ಯಾಂಗ್’ ಅಂತ ಮಾತ್ರ ಹೇಳಿದರೆ ನಾನ್‌ಶಾದಲ್ಲೇ ಇಳಿಸಿಬಿಡುತ್ತಾರೆ, ಶಿನ್‌ಜಿಯೆ ಎಂದು ಕೇಳಿ ಟಿಕೆಟ್ ತೆಗೆಸಿ. ಅಲ್ಲಿಂದ ಗದ್ದೆ ನೋಡುವ ಜಾಗಗಳಲ್ಲೊಂದಾದ ದುಯೋಯಿಶು ಕಡೆಗೆ ಹಂಚಿಕೊಂಡು ಹೋಗುವ ವ್ಯಾನುಗಳಿವೆ. ತುಂಬುವ ತನಕ ಹೊರಡುವುದಿಲ್ಲ.

ದುಯೋಯಿಶು ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿಗೆ. ಬಾದಾ ಮತ್ತು ಲಾವ್‌ಹುಜುಯಿ ಎಂಬ ಇನ್ನೆರಡು ಜಾಗಗಳು ಸಂಜೆಗೆ. ಇಡೀ ಚೀನಾಕ್ಕೆ ಬೀಜಿಂಗಿನ ಗಡಿಯಾರ ಒಂದೇ ಆದ್ದರಿಂದ ಪಶ್ಚಿಮದ ಯುನ್ನಾನಿನಲ್ಲಿ ಹೊತ್ತು ಮೂಡುವುದು ತಡ: ಜನವರಿಯಲ್ಲಿ ಎಂಟು ಗಂಟೆ ಹತ್ತಿರ. ಐದಕ್ಕೇ ಅಲಾರಾಂ ಇಟ್ಟು ಚಳಿಯಲ್ಲಿ ನಡುಗುತ್ತ ಕೂರಬೇಕಾಗಿಲ್ಲ. ಮಂಜು ಮಾತ್ರ ಯಾರ ಮಾತೂ ಕೇಳುವುದಿಲ್ಲ. ಎರಡು ದಿನ ಕಟ್ಟಿಕೊಂಡು ಕೂತು ಮೂರನೆಯ ದಿನ ಹತ್ತು ನಿಮಿಷ ತೆರೆದು ಮುಚ್ಚಬಹುದು. ಕಡಿಮೆಯೆಂದರೆ ಮೂರು ರಾತ್ರಿ ಇಟ್ಟುಕೊಳ್ಳಿ. ನೀರು ನೋಡಲು ಡಿಸೆಂಬರಿನಿಂದ ಮಾರ್ಚ್, ನಾಟಿಗೆ ಏಪ್ರಿಲ್ ಕೊನೆ, ಬಂಗಾರದ ಬಣ್ಣಕ್ಕೆ ಸೆಪ್ಟೆಂಬರ್. ಜೂನ್-ಜುಲೈ ಹಸಿರು ಚೆಂದವೇ, ರಸ್ತೆಯ ಮೇಲೆ ಗುಡ್ಡ ಜರಿಯುವುದೂ ಆಗಲೇ.

ಮನೆಗಳನ್ನು ಬೆಚ್ಚಗಿಡುವ ವ್ಯವಸ್ಥೆ ಇರುವುದಿಲ್ಲ. ಹಾಸಿಗೆಗೆ ವಿದ್ಯುತ್ ಕಂಬಳಿ ಕೊಡುತ್ತಾರೆ, ಮಲಗುವ ಅರ್ಧ ಗಂಟೆ ಮೊದಲೇ ಹಾಕಿಡಿ. ಬಂದ 24 ಗಂಟೆಯೊಳಗೆ ವಿದೇಶಿಯರ ಹೆಸರು ಪೊಲೀಸರಲ್ಲಿ ದಾಖಲಾಗಬೇಕು. ಲಾಡ್ಜಿನವರೇ ಮಾಡುತ್ತಾರೆ, ಆದರೆ ತೀರ ಸಣ್ಣ ಮನೆಗಳಿಗೆ ಆ ಅಭ್ಯಾಸ ಇರುವುದಿಲ್ಲ, ಕಾಯ್ದಿರಿಸುವಾಗಲೇ ವಿದೇಶಿ ಪಾಸ್‌ಪೋರ್ಟ್ ಎಂದು ಹೇಳಿಬಿಡಿ. ತರಕಾರಿ ಮಾರುವ ಅಜ್ಜಿಯೂ ಕ್ಯೂಆರ್ ಕೋಡ್ ತೋರಿಸುತ್ತಾಳೆ. ಅಲಿಪೇ ಎಂಬ ಪಾವತಿ ಆ್ಯಪ್‌ಗೆ ನಿಮ್ಮ ಕಾರ್ಡನ್ನು ಊರಲ್ಲೇ ಜೋಡಿಸಿಕೊಂಡು ಹೋಗಿ, ಜೊತೆಗೆ ಒಂದಿಷ್ಟು ನಗದು. ಗೂಗಲ್ ಅಲ್ಲಿನ ಸಿಮ್ಮಿನಲ್ಲಿ ತೆರೆಯುವುದಿಲ್ಲ, ಇಲ್ಲಿಂದಲೇ ತೆಗೆದುಕೊಂಡ ರೋಮಿಂಗ್ ಸಿಮ್ಮಿನಲ್ಲಿ ತೆರೆಯುತ್ತದೆ. ತೆರೆದರೂ ಅದರ ನಕ್ಷೆ ಅಲ್ಲಿ ನಿಮ್ಮನ್ನು ಪಕ್ಕದ ಗದ್ದೆಯಲ್ಲಿ ತೋರಿಸುತ್ತದೆ, ಚೀನಾದ ನಕ್ಷೆಗಳ ಅಳತೆಯೇ ಬೇರೆ.

ಸಸ್ಯಾಹಾರಿಗಳಿಗೆ: ‘ವೊ ಚ್ರ್ ಸು’ ಎಂದರೆ ನಾನು ಸಸ್ಯಾಹಾರಿ. ಅಷ್ಟು ಸಾಲದು. ಸೊಪ್ಪನ್ನೂ ಹಂದಿಕೊಬ್ಬಿನಲ್ಲೇ ಹುರಿಯುವುದು ರೂಢಿ. ‘ಬು ಯಾವ್ ಝು ಯೋ’, ಹಂದಿ ಎಣ್ಣೆ ಬೇಡ, ಎಂದು ಬಿಡಿಸಿ ಹೇಳಬೇಕು. ಬೇಯಿಸಿದ ಸೊಪ್ಪನ್ನು ಅದ್ದಿಕೊಂಡು ತಿನ್ನಲು ಕೊಡುವ ‘ಝಾನ್‌ಶುಯಿ’ ನಮ್ಮ ಗೊಜ್ಜಿನ ದಾಯಾದಿ: ಸುಟ್ಟ ಮೆಣಸಿನಪುಡಿ, ಉಪ್ಪು, ಪುದೀನ, ಕೊತ್ತಂಬರಿ, ಹುದುಗಿಸಿದ ಸೋಯಾ. ಕೆಂಪಕ್ಕಿ ಅನ್ನ ಒರಟು, ನೆನೆಸಿ ಹೆಚ್ಚು ಹೊತ್ತು ಬೇಯಿಸಿದರೇ ರುಚಿ. ಕರಾವಳಿಯ ಕುಚ್ಚಲಕ್ಕಿ ಉಂಡು ಬೆಳೆದವರಿಗೆ ಮೊದಲ ತುತ್ತಿಗೇ ಹೊಂದುತ್ತದೆ.

ನೀರಿನ ಕೂಲಿ ಯಾರು ಕೊಡಬೇಕು

ಫೋಟೊದಲ್ಲಿನ ಕನ್ನಡಿ ಚಳಿಗಾಲದ ದುಡಿತದಿಂದ ಆದದ್ದು. ಆ ದುಡಿತಕ್ಕೆ ಅಕ್ಕಿಯ ಬೆಲೆಯಲ್ಲಿ ಕೂಲಿ ಗಿಟ್ಟುವುದಿಲ್ಲ. ಹರೆಯದವರು ಪೇಟೆಯ ಕೆಲಸಕ್ಕೆ ಹೋದರು. ಬದು ಹೆರೆಯುವವರು ಐವತ್ತು ದಾಟಿದವರು. ಪ್ರವಾಸಿಗರ ದುಡ್ಡು ಬರುತ್ತದೆ, ಆದರೆ ಒಳ್ಳೆ ನೋಟವಿರುವ ಜಾಗದಲ್ಲಿ ಮನೆಯಿರುವವರಿಗೆ, ಅದನ್ನು ಬಾಡಿಗೆಗೆ ಹಿಡಿದ ಹೊರಗಿನವರಿಗೆ. ನೋಟದಲ್ಲಿ ಕಾಣುವ ಗದ್ದೆಯವನಿಗೆ ಏನೂ ಇಲ್ಲ. ಅವನು ನೀರು ತುಂಬಿಸುವುದನ್ನು ಬಿಟ್ಟರೆ ಲಾಡ್ಜಿನ ಕಿಟಕಿಯಲ್ಲಿ ನೋಡಲು ಏನೂ ಉಳಿಯುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಯಾವ ಬಿಲ್ಲಿನಲ್ಲೂ ಅದು ನಮೂದಾಗುವುದಿಲ್ಲ.

ಅಝೆಕೆ ಎಂಬ ಅರವತ್ತು ಚಿಲ್ಲರೆ ಮನೆಗಳ ಊರು ಈ ಗಂಟನ್ನು ಬಿಚ್ಚಲು ನೋಡಿತು. 2018ರಲ್ಲಿ ಸುನ್ ಯಾತ್-ಸೆನ್ ವಿಶ್ವವಿದ್ಯಾಲಯದ ಬಾವ್ ಜಿಗಾಂಗ್ ಅವರ ತಂಡ ರೂಪಿಸಿದ ಯೋಜನೆಯಂತೆ ಊರಿನವರದೇ ಕಂಪನಿ ಟಿಕೆಟ್ ಮಾರುತ್ತದೆ. ಲಾಭದಲ್ಲಿ ಮನೆಗಳಿಗೆ ಹಂಚುವ ಪಾಲನ್ನು ನಾಲ್ಕು ಭಾಗ ಮಾಡುತ್ತಾರೆ: ಹಳೆಯ ಮನೆ ಉಳಿಸಿಕೊಂಡಿದ್ದಕ್ಕೆ 40 ಶೇಕಡಾ, ಗದ್ದೆ ಮಾಡುತ್ತಿರುವುದಕ್ಕೆ 30, ಊರಲ್ಲೇ ವಾಸವಿರುವುದಕ್ಕೆ 20, ಊರಿನ ದಾಖಲೆಯಲ್ಲಿ ಹೆಸರಿರುವುದಕ್ಕೆ 10. ಮನೆಯನ್ನು ಹೊರಗಿನವರಿಗೆ ಬಾಡಿಗೆಗೆ ಕೊಡುವಂತಿಲ್ಲ, ಗದ್ದೆ ಹಾಳುಗೆಡವಿದರೆ ಆ 30 ಇಲ್ಲ. 2019ರಲ್ಲಿ ಮೊದಲ ಸಲ ಹಂಚಿದರು. ಯೋಚಿಸಿದರೆ ಇದೂ ಒಂದು ಕಚ್ಚು ಹಾಕಿದ ಮರದ ತುಂಡೇ. ಹರಿಯುವುದು ದುಡ್ಡು, ಬಂದದ್ದು ಎಷ್ಟೇ ಇರಲಿ ಪಾಲು ಗೊತ್ತುಮಾಡಿಟ್ಟದ್ದು. ಮನೆಗೆ ಗದ್ದೆಗಿಂತ ಅಗಲದ ಕಚ್ಚು ಯಾಕೆ ಎಂದು ಕೇಳಬಹುದು. ಹುಲ್ಲಿನ ಮಾಡಿನ ಕೆಳಗೆ ವಾಸಿಸುವುದು ಸುಲಭವಲ್ಲ, ಒಪ್ಪೋಣ. ಆದರೂ ಒಂದು ಮನೆ ಕಾಂಕ್ರೀಟಾದರೆ ನೋಟ ಕೆಡುತ್ತದೆ, ಒಂದು ಗದ್ದೆ ಒಣಗಿದರೆ ಕೆಳಗಿನ ಹತ್ತು ಗದ್ದೆ ಕೆಡುತ್ತವೆ. ಗದ್ದೆಯ ಕಚ್ಚು ಇನ್ನೂ ಎರಡು ಬೆರಳು ಅಗಲವಾಗಬೇಕಿತ್ತು ಅನ್ನುವುದು ನನ್ನ ಅನಿಸಿಕೆ.

ಅಝೆಕೆಗೆ ಹೋದರೆ ಊರಿನ ಕಲ್ಲುದಾರಿ ಮುಗಿದ ಮೇಲೆ ಗದ್ದೆಯ ಬದುಗಳು ಶುರುವಾಗುತ್ತವೆ. ಎರಡು ಪಾದ ಜೋಡಿಸಿ ನಿಲ್ಲುವಷ್ಟು ಅಗಲ, ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗಿನ ಗದ್ದೆಯವರೆಗೆ ಆಳ. ಎದುರಿಗೆ ಹೊರೆ ಹೊತ್ತವರು ಬಂದರೆ ನೀವೇ ನೀರಿನ ಬದಿಗೆ ಇಳಿಯಬೇಕು, ಆಳದ ಬದಿಗೆ ಹೋಗಬೇಡಿ. ಬೆಣ್ಣೆ ಸವರಿದಂತೆ ನುಣ್ಣಗೆ ಹೊಳೆಯುವ ಬದು ಕಂಡರೆ ಅದು ಈಗಷ್ಟೇ ಮೆತ್ತಿದ್ದು. ನಾಲ್ಕೈದು ಬಿಸಿಲು ಕಾಣುವವರೆಗೆ ಅದು ಭಾರ ತಡೆಯದು, ಹೆಜ್ಜೆ ಇಟ್ಟಲ್ಲಿ ಕುಳಿ ಬಿದ್ದು ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಒಂದು ಮೆಟ್ಟಿಲು ಕೆಳಗಿಳಿದು, ಹುಲ್ಲು ಒಣಗಿ ಗಟ್ಟಿಯಾದ ಹಳೆ ಬದುವಿನ ಮೇಲೆ ಸುತ್ತಿಕೊಂಡು ಹೋಗಿ.